ಕಣ್ಣು ಬರೆಯುತ್ತಿದ್ದ ಕಾಕಾ

ಅವರ ಸೈಕಲ್ಲು ಓಣಿಯೊಳಗೆ ತಿರುಗಿತೆಂದರೆ ಹೆಂಗಸರು ಹೊಸ್ತಿಲಿಗೆ ಬಂದು ಕೇಳುತ್ತಿದ್ದ ಮೊದಲ ಮಾತು, "ಯಾರ ಮನ್ಯಾಗ್ರಿ?" ಹಿಂದೆ ಮೂರು ಕಾಲಿನ ಸ್ಟ್ಯಾಂಡು, ಹೆಗಲಿಗೆ ಕ್ಯಾಮರಾದ ಕಟ್ಟಿಗೆಯ ಪೆಟ್ಟಿಗೆ. ಸವಣೂರಿನ ಪೇಟೆಯಲ್ಲಿ ಅವರಿಗೊಂದು ಸಣ್ಣ ಫೋಟೋದ ಅಂಗಡಿ ಇತ್ತು. ಆದರೆ ಅನ್ನ ಹಾಕುತ್ತಿದ್ದುದು ಅಂಗಡಿಯಲ್ಲ, ಸಾವು. ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು, ಈ ಸೀಮೆಯಲ್ಲಿ ಎಲ್ಲಿ ಯಾರು ತೀರಿಕೊಂಡರೂ ಹೂಗಾರನ ಬೆನ್ನಿಗೇ ಇವರಿಗೂ ಕರೆ ಬರುತ್ತಿತ್ತು. ದೂರದ ಊರಾದರೆ ಸೈಕಲ್ಲನ್ನು ಬಸ್ಸಿನ ನೆತ್ತಿಗೆ ಏರಿಸಿಕೊಂಡು ಹೋಗುತ್ತಿದ್ದರು. ಮದುವೆಗೆ ಅವರನ್ನು ಕರೆಯಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ಕರೆದರೂ ಅಕ್ಕಿಕಾಳು ಬಿದ್ದ ಮೇಲೆ ಬನ್ನಿ ಎನ್ನುತ್ತಿದ್ದರು.

ಊರೆಲ್ಲ ಅವರನ್ನು ಫೋಟೋದ ಕಾಕಾ ಎಂದೇ ಕರೆಯುತ್ತಿತ್ತು. ಹಾನಗಲ್ಲಿನಲ್ಲಿ ಮಗಳ ಮನೆಯಲ್ಲಿ ಅವರು ತೀರಿಹೋದರೆಂದು ಮೊನ್ನೆ ಸುದ್ದಿ ಬಂತು. ಸುದ್ದಿ ತಂದವನಿಗೆ ನಾನು ಚಹಾ ಕೊಟ್ಟೆ, ಅಳಲಿಲ್ಲ. ಅವರ ಮೇಲೆ ನನಗಿರುವುದು ಸಿಟ್ಟೋ ಅಂತಃಕರಣವೋ ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಜನ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗಂಡಸಾದರೆ ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಕೂತಲ್ಲೇ ಭಜನೆ, ಕೂತಲ್ಲೇ ಆರತಿ. ಮಣ್ಣಿಗೆ ಹೋಗುವುದೂ ಕೂತೇ. ಆಗ ಮಕ್ಕಳು ಮೊಮ್ಮಕ್ಕಳೆಲ್ಲ ಸುತ್ತ ನೆರೆದು ಒಂದು ಫೋಟೋ ತೆಗೆಸುತ್ತಿದ್ದರು. ಎಷ್ಟೋ ಮನೆಯ ಹಿರಿಯರಿಗೆ ಜೀವಮಾನದ ಮೊದಲ ಫೋಟೋ ಅದೇ. ಬದುಕಿದ್ದಾಗ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ; ಸತ್ತ ಮೇಲೆ ಕಡಿಮೆಯಾಗಲು ಏನಿರುತ್ತದೆ? ಆದರೆ ಕಣ್ಣು ಮುಚ್ಚಿದ ಮುಖವನ್ನು ಪಡಸಾಲೆಯಲ್ಲಿ ತೂಗುಹಾಕಲು ಯಾರಿಗೂ ಮನಸ್ಸಿರುತ್ತಿರಲಿಲ್ಲ. "ಕಾಕಾ, ಕಣ್ಣೊಂದು ಬರದು ಕೊಡ್ರಿ" ಎನ್ನುತ್ತಿದ್ದರು.

ಅವರು ಬರೆದು ಕೊಡುತ್ತಿದ್ದರು. ಅವರದು ಚಿತ್ರಗಾರರ ಮನೆತನ. ಅವರಪ್ಪ ಕಟ್ಟಿಗೆಯ ದೇವರುಗಳಿಗೆ ಬಣ್ಣ ಹಚ್ಚುತ್ತಿದ್ದವರು. ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ತೆರೆಯುವುದು ಆ ಕಸಬಿನ ಪದ್ಧತಿ. ಮಗನ ಕೈಗೂ ಅದೇ ಬಂದಿತ್ತು. ಸಣ್ಣ ಕುಂಚ ಹಿಡಿದು ಫೋಟೋದ ರೆಪ್ಪೆಯ ಮೇಲೆ ನಾಲ್ಕು ಸಲ ಆಡಿಸಿದರೆ ಸತ್ತವರು ನಿಮ್ಮನ್ನು ನೋಡಲು ಸುರು ಮಾಡುತ್ತಿದ್ದರು. ಒಮ್ಮೆ ಶಿಗ್ಗಾವಿ ಕಡೆಯ ಗೌಡರ ಮಗನೊಬ್ಬ ಫೋಟೋ ತಿರುಗಿ ತಂದ. "ನಮ್ಮಪ್ಪನ ಕಣ್ಣು ಇಷ್ಟು ಸಮಾಧಾನ ಇದ್ದಿಲ್ಲರಿ, ಒಂದೀಟು ಸಿಟ್ಟು ಹಾಕ್ರಿ" ಎಂದ. ಕಾಕಾ ಸಿಟ್ಟು ಹಾಕಿ ಕೊಟ್ಟರು. ಆಮೇಲೆ ನನ್ನ ಮುಂದೆ, "ಸಿಟ್ಟು ಹಾಕಾಕ ಒಂದ ಗೆರಿ ಸಾಕರಿ ಅಕ್ಕೋರ. ತಗಿಯಾಕ ಬರೂದಿಲ್ಲ" ಎಂದಿದ್ದರು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಅದಕ್ಕೇ ನಾನು ಅಕ್ಕೋರು. ಚಿಕ್ಕಂದಿನಲ್ಲೇ ಗಂಡ ಸತ್ತಿದ್ದ. ಧಾರವಾಡಕ್ಕೆ ಹೋಗಿ ಕಲಿತು ಬಂದು ತವರುಮನೆಯಲ್ಲಿದ್ದೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬರುತ್ತಿತ್ತು. ಕಾಕಾನ ಗೆಳೆತನವಾದದ್ದು ಆ ಅರೆಬರೆ ಇಂಗ್ಲಿಷಿನಿಂದ.

ಎರಡನೆಯ ಮಹಾಯುದ್ಧ ನಮ್ಮೂರಿಗೆ ಬಂದದ್ದು ಖಾರದ ಪೊಟ್ಟಣದಲ್ಲಿ. ಖಾರವೆಂದರೆ ನಮ್ಮೂರಿನ ಶೇವು-ಶೇಂಗಾದ ಕುರುಕಲು ತಿಂಡಿ. ಸಂಸ್ಥಾನದ ದೊಡ್ಡ ಮನೆಗಳಿಗೆ ಮುಂಬಯಿಯಿಂದ ಇಂಗ್ಲಿಷಿನ ಸಚಿತ್ರ ವಾರಪತ್ರಿಕೆಗಳು ಬರುತ್ತಿದ್ದವು. ಓದಿ ಬೇಸರವಾದ ಮೇಲೆ ರದ್ದಿಯಾಗಿ ಖಾರದ ಅಂಗಡಿ ಸೇರುತ್ತಿದ್ದವು. ಕಾಕಾ ಒಂದು ದಿನ ಖಾರ ತಿಂದು ಕಾಗದ ಮುದುಡಿ ಒಗೆಯಲು ಹೋದವರು, ಏನೋ ಕಂಡಂತಾಗಿ ಬಿಡಿಸಿ ನೋಡಿದರಂತೆ. ಮರಳುಗಾಡಿನಲ್ಲಿ ಉರಿಯುವ ಟ್ಯಾಂಕು. ಹೊಗೆಯೊಳಗಿಂದ ಕೈ ಮೇಲೆತ್ತಿಕೊಂಡು ಬರುವ ಒಬ್ಬ ಸಿಪಾಯಿ. ಅಂದಿನಿಂದ ಅವರ ಖಾರದ ಚಟ ಹೆಚ್ಚಿತು. ಪೊಟ್ಟಣ ಬದಲಿಸಿಕೊಡು, ಆ ಹಾಳೆಯಲ್ಲಿ ಕಟ್ಟಿಕೊಡು ಎಂದು ಪೀಡಿಸತೊಡಗಿದಾಗ ಅಂಗಡಿಯವನು, "ನಿಮಗ ಖಾರ ಬೇಕೋ ಕಾಗದ ಬೇಕೋ, ಒಂದ ಮಾತ ಹೇಳ್ರಿ" ಎಂದು ನಕ್ಕು, ಆಮೇಲೆ ಯುದ್ಧದ ಹಾಳೆಗಳನ್ನು ತೆಗೆದಿಡತೊಡಗಿದ.

ಶಾಲೆ ಬಿಟ್ಟ ಹೊತ್ತಿಗೆ ಅವರು ಆ ಹಾಳೆಗಳನ್ನು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಎಣ್ಣೆಯ ಕಲೆಗಳ ನಡುವೆ ಹಡಗು ಮುಳುಗುತ್ತಿತ್ತು, ಊರು ಉರಿಯುತ್ತಿತ್ತು. "ಇದರ ತೆಳಗ ಏನ ಬರದಾರ ಓದ್ರಿ" ಎನ್ನುವರು. ನಾನು ಓದಿ ಹೇಳುವೆ: ನಮ್ಮ ಪಡೆ ಮುನ್ನುಗ್ಗಿತು, ಸಿಪಾಯಿಗಳು ಹುರುಪಿನಲ್ಲಿದ್ದಾರೆ. ಕಾಕಾ ಮತ್ತೊಮ್ಮೆ ಚಿತ್ರ ನೋಡಿ ತಲೆ ಅಲ್ಲಾಡಿಸುವರು. "ಇದನ್ನ ಬರದಾಂವ ಅಲ್ಲಿ ಇದ್ದಿಲ್ಲರಿ. ಫೋಟೋ ಹೊಡದಾಂವ ಇದ್ದ. ಯಾರನ್ನ ನಂಬಬೇಕು?"

ಅವರ ಅಂಗಡಿಯ ಗೋಡೆ ನೋಡುನೋಡುತ್ತ ಯುದ್ಧದಿಂದ ತುಂಬಿತು. ಅದರಲ್ಲಿ ಒಂದನ್ನು ನನಗೆ ನೂರು ಸಲ ತೋರಿಸಿರಬೇಕು. ಒಬ್ಬ ಸಿಪಾಯಿ ಬಗ್ಗಿ ಓಡುತ್ತಿದ್ದಾನೆ. ಅವನ ಕಾಲ ಹತ್ತಿರ ನೆಲದ ಮೇಲೆ ಇನ್ನೊಂದು ನೆರಳು ಬಿದ್ದಿದೆ: ನಿಂತ ಮನುಷ್ಯನದು, ಮೊಣಕೈ ಎತ್ತಿ ಮುಖದ ಮುಂದೆ ಏನೋ ಹಿಡಿದುಕೊಂಡದ್ದು.

"ಓಡಾಂವ ಓಡಾಕತ್ತಾನ. ಇಂವ ಕ್ಯಾಮರಾ ಹಿಡದು ನಿಂತಾನ ನೋಡ್ರಿ. ಗುಂಡು ಇಬ್ಬರಿಗೂ ಒಂದ. ನಾ ಹೆಣದ ಮುಂದ ಸ್ಟ್ಯಾಂಡ ಹಾಕೂವಾಗ ಮಂದಿ ಹಾದಿ ಬಿಡತಾರ, ಬೆವತ್ರ ಗಾಳಿ ಹಾಕತಾರ. ಇಂವಗ ಯಾರ ಹಾದಿ ಬಿಟ್ಟಾರು? ಹೆಸರರ ಹಾಕ್ಯಾರೇನು ನೋಡ್ರಿ."

ಹೆಸರಿರಲಿಲ್ಲ. ಯಾವ ಚಿತ್ರಕ್ಕೂ ಇರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಸ ಗುಡಿಸಿ ದೀಪ ಹಚ್ಚಿದ ಮೇಲೆ ಕಾಕಾ ಆ ನೆರಳಿಗೆ ಕೈ ಮುಗಿಯುತ್ತಿದ್ದರು. ನನಗೆ ನಗೆ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಒಮ್ಮೆ ಬಾಯಿ ಬಿಟ್ಟು ಕೇಳಿದೆ. "ಬಿದ್ದಾಂವನ್ನ ಎತ್ತೂದ ಬಿಟ್ಟು ಫೋಟೋ ಹೊಡಕೋತ ನಿಲ್ಲಾಂವ ಎಂಥಾ ಮನಶ್ಯಾರಿ ಕಾಕಾ?"

ಅವರು ಫೋಟೋ ತೊಳೆಯುವ ಔಷಧದ ನೀರಿಗೆ ಕಪ್ಪಾದ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. "ಎತ್ತಾಕ ಬ್ಯಾರೆ ಮಂದಿ ಇರತಾರ್ರಿ. ನೋಡಾಕ ಅಂವ ಒಬ್ಬನ. ಅಂವ ನೋಡಲಿಲ್ಲಂದ್ರ ಅಲ್ಲಿ ಬಿದ್ದವರು ಸತ್ತದ್ದ ಸುಳ್ಳಾಗಿ ಹೋಕ್ಕಿತ್ತು. ಕಣ್ಣ ಮುಚ್ಚಿದ್ರ ಮುಚ್ಚಿದ್ದನ್ನ ಹಂಗ ತಂದು ಕೊಡತಾನ. ನನಗ ಆ ಧೈರ್ಯ ಇಲ್ಲರಿ."

ಆ ಉತ್ತರ ನನಗೆ ಅಂದು ಒಪ್ಪಿಗೆಯಾಗಲಿಲ್ಲ, ಇಂದೂ ಪೂರ್ತಿ ಆಗಿಲ್ಲ. ಆದರೆ ಆ ಮಾತು ಹೇಳಿದಾಗಿನ ಅವರ ಮುಖ ನೆನಪಿದೆ. ಇಡೀ ಜೀವಮಾನ ಸುಳ್ಳು ಕಣ್ಣು ಬರೆದ ಮನುಷ್ಯನಿಗೆ ಅಷ್ಟು ದೂರದ ಯಾರೋ ಹೆಸರಿಲ್ಲದವರು ಗುರುವಾಗಿದ್ದರು.

ಈಗ ನಮ್ಮ ಮನೆಯ ಮಾತು. ನಮ್ಮದು ಎಲೆತೋಟದ ಮನೆ. ಅಪ್ಪ ಇರಲಿಲ್ಲ. ಅಣ್ಣನಿಗೆ ಬಳ್ಳಿ ಕಟ್ಟುವ ಕೆಲಸ ಒಗ್ಗಲಿಲ್ಲ, ಮೋಟಾರಿನ ಹುಚ್ಚು. ಸೈನ್ಯದವರು ಲಾರಿ ನಡೆಸುವವರನ್ನು ಹುಡುಕುತ್ತಿದ್ದಾಗ ಹೋಗಿ ಹೆಸರು ಕೊಟ್ಟು ಬಂದ. ಅವ್ವ ಗಾಬರಿಯಾಗಿ, ಕಾಲಿಗೆ ಗುಂಡು ಕಟ್ಟಿದರೆ ಓಡುವುದಿಲ್ಲ ಎಂದುಕೊಂಡು, ಮಾಸೂರಿನಿಂದ ಹೆಣ್ಣು ತಂದು ಅವಸರದಲ್ಲಿ ಮದುವೆ ಮಾಡಿದಳು. ಅರಿಸಿನ ಆರುವ ಮೊದಲೇ ಕರೆ ಬಂತು. ಹೋಗುವ ಮುಂಚೆ ಕಾಕಾನ ಅಂಗಡಿಯಲ್ಲಿ ಸಮವಸ್ತ್ರ ತೊಟ್ಟು ಒಂದು ಫೋಟೋ ತೆಗೆಸಿದ. ಅವನ ಹೆಂಡತಿ, ನನ್ನ ವೈನಿ, ಅದರಲ್ಲಿ ಇರಲಿಲ್ಲ. ಹೊಸ ಮದುವಣಗಿತ್ತಿ ಆ ಅಂಗಡಿಯ ಮೆಟ್ಟಿಲು ಏರಬಾರದೆಂದು ಅವ್ವನೇ ತಡೆದಿದ್ದಳು.

ಇಟಲಿಯಿಂದ ಎರಡು ಕಾಗದ ಬಂದವು. ಆಮೇಲೆ ತಾರು ಬಂತು. ಸತ್ತನೆಂದಿರಲಿಲ್ಲ, ಪತ್ತೆಯಿಲ್ಲ ಎಂದಿತ್ತು. ಅದನ್ನು ಓದಿ ಹೇಳಿದವಳು ನಾನೇ. ಸತ್ತ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆವು. ಪತ್ತೆಯಿಲ್ಲದವನಿಗೆ ಅಳುವುದು ಹೇಗೆ? ದೀಪ ಹಚ್ಚಬೇಕೋ ಆರಿಸಬೇಕೋ ಗೊತ್ತಾಗದೆ ಮನೆ ವರುಷದ ಮೇಲೆ ಹಾಗೇ ಕೂತಿತು.

ವೈನಿ ನನಗಿಂತ ಬಹಳ ಚಿಕ್ಕವಳು. ಅವಳ ಅಪ್ಪ ಮಾಸೂರಿನಿಂದ ಗಾಡಿ ಹೂಡಿಕೊಂಡು ಬಂದರು. ಮದಗದ ಕೆರೆಯ ಕೆಳಗೆ ಗದ್ದೆ ಮಾಡುವ ಮೆತ್ತನೆಯ ಮನುಷ್ಯ. "ಬೀಗತಿ, ಹರೇ ಅನ್ನೂದು ಕೆರಿ ನೀರಲ್ಲ, ಕಟ್ಟಿ ಹಾಕಿ ಇಟ್ಟಕೊಳ್ಳಾಕ" ಎಂದರು. ಹಾನಗಲ್ಲಿನ ಕಡೆಯ ಒಬ್ಬ ಒಳ್ಳೆಯ ರೈತ ಹೆಂಡತಿಯನ್ನು ಕಳೆದುಕೊಂಡವನಿದ್ದ, ಇವಳನ್ನು ಉಡಿಕಿ ಮಾಡಿಕೊಳ್ಳಲು ಒಪ್ಪಿದ್ದ. ಗಂಡ ಸತ್ತವಳಿಗೆ ನಮ್ಮಲ್ಲಿ ಮತ್ತೊಂದು ಮದುವೆಗೆ ಅಡ್ಡಿಯಿಲ್ಲ. ಅದಕ್ಕೆ ಉಡಿಕಿ ಎನ್ನುತ್ತೇವೆ. ನನಗೂ ಆ ಮಾತು ಬಂದಿತ್ತು, ನಾನೇ ಒಲ್ಲೆನೆಂದೆ, ನನಗೆ ಶಾಲೆಯಿತ್ತು. ವೈನಿಗೆ ಏನಿತ್ತು? ಆದರೆ ಗಂಡನ ಮನೆಯ ಹಿರಿಯರು ಅವನು ಹೋದ ಎಂದು ಬಾಯಿಬಿಟ್ಟು ಒಪ್ಪಿ, ತಾಳಿ ಇಳಿಸಿ ಕಳಿಸಬೇಕು. ನಮ್ಮ ಮನೆಯಲ್ಲಿ ಹಿರಿಯರೆಂದರೆ ಅವ್ವ ಒಬ್ಬಳೇ.

ಅವ್ವ ಕೊನೆಗೊಂದು ಬೆಳಿಗ್ಗೆ ಎಲೆ ಎಣಿಸುತ್ತ ಕೂತಲ್ಲೇ, "ಅಂವನ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕೋಣು. ಆ ಹುಡುಗಿ ಬದುಕಲಿ" ಎಂದಳು. ನಾನು ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಹಚ್ಚಿ ಅತ್ತೆ. ದುಃಖಕ್ಕೋ, ಭಾರ ಇಳಿದದ್ದಕ್ಕೋ. ಅಂದೇ ಮಧ್ಯಾಹ್ನ ಅವ್ವ ಸೆರಗು ಹೊದ್ದು ತಾನೇ ಕಾಕಾನ ಅಂಗಡಿಗೆ ಹೋದಳು.

ಅಲ್ಲಿ ನಡೆದದ್ದನ್ನು ಕಾಕಾ ಆಮೇಲೆ ನನಗೆ ಹೇಳಿದ್ದಾರೆ. ಕೆಲವು ದಿನ ಮೊದಲು ಅವರಿಗೆ ಖಾರದ ಅಂಗಡಿಯಲ್ಲಿ ಇಟಲಿಯ ಹಾಳೆಯೊಂದು ಸಿಕ್ಕಿತ್ತು. ಬಿದ್ದ ಮನೆಯ ಗೋಡೆಗೆ ಆನಿಕೊಂಡು ನಮ್ಮ ದೇಶದ ಸಿಪಾಯಿಯೊಬ್ಬ ಕೂತಿದ್ದಾನೆ. ಕಣ್ಣು ಮುಚ್ಚಿವೆ. ಕೈ ತೊಡೆಯ ಮೇಲಿಂದ ಜಾರಿ ನೆಲಕ್ಕೆ ಬಿದ್ದಿದೆ. ಕೆಳಗೆ, ಕಾಳಗದ ನಡುವೆ ಕೊಂಚ ವಿಶ್ರಾಂತಿ, ಎಂದು ಬರೆದಿತ್ತು. ಓದಿ ಹೇಳಿದ್ದು ನಾನೇ. ಕಾಕಾ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು. ಆ ಚಿತ್ರ ಅವರ ಮನಸ್ಸು ಹಿಡಿದುಬಿಟ್ಟಿತ್ತು. ಅದನ್ನು ದೇವರ ಪಟದಷ್ಟು ದೊಡ್ಡದು ಮಾಡಿ ಗೋಡೆಯ ನಡುವೆ ಹಾಕಬೇಕೆಂಬ ಆಸೆ ಹುಟ್ಟಿತು. ಯುದ್ಧದ ದೆಸೆಯಿಂದ ಫೋಟೋದ ಕಾಗದ ಸಿಗದ ಕಾಲ. ಜೋಪಾನ ಮಾಡಿದ್ದ ದೊಡ್ಡ ಹಾಳೆಯೊಂದನ್ನು ಅದಕ್ಕೆ ಹಾಕಿದರು.

ಅಚ್ಚಾದ ಚಿತ್ರವನ್ನು ದೊಡ್ಡದು ಮಾಡಿದರೆ ಮುಖ ಉಳಿಯುವುದಿಲ್ಲ, ಬರೀ ಚುಕ್ಕೆ ಉಳಿಯುತ್ತವೆ. ಕಾಕಾ ಚುಕ್ಕೆಗಳನ್ನು ಕೂಡಿಸಲು ಕುಂಚ ಹಿಡಿದರು. ಸಮವಸ್ತ್ರದ ಕಾಲರು, ಗುಂಡಿ, ಟೋಪಿಯ ಅಂಚು ಹೇಗಿರುತ್ತವೆಂದು ನೋಡಲು ಮಾದರಿಗೆ ಅಣ್ಣನ ಫೋಟೋ ಎದುರಿಗಿಟ್ಟುಕೊಂಡರು. ಸುತ್ತಲಿನ ಯಾವ ಊರಿನಲ್ಲೂ ಅವರು ತೆಗೆದ ಬೇರೆ ಸಿಪಾಯಿಯ ಫೋಟೋ ಇರಲಿಲ್ಲ. ಕಾಲರಿನಿಂದ ಗದ್ದಕ್ಕೆ, ಗದ್ದದಿಂದ ಮೀಸೆಗೆ ಕೈ ಏರಿತು. ಕೊನೆಗೆ, ಗೋಡೆಗೆ ಆನಿಸಿ ಕೂಡಿಸಿದ ಮನುಷ್ಯ, ಮುಚ್ಚಿದ ಕಣ್ಣು. ಜೀವಮಾನವೆಲ್ಲ ಮಾಡಿದ್ದನ್ನೇ ಕೈ ಮಾಡಿತು. ಕಣ್ಣು ತೆರೆಯಿತು.

ಬಣ್ಣ ಆರಲೆಂದು ಅದನ್ನು ಬಾಗಿಲಿಗೆದುರು ನಿಲ್ಲಿಸಿದ್ದಾಗ ಅವ್ವ ಮೆಟ್ಟಿಲು ಏರಿದ್ದಳು.

ಅವಳು ಹಾರದ ಮಾತೇ ಎತ್ತಲಿಲ್ಲವಂತೆ. ಅದರ ಮುಂದೆ ಕುಸಿದು ಕೂತು, "ಎಲ್ಲಿ ಸಿಕ್ಕ ತಮ್ಮಾ ನನ್ನ ಮಗ?" ಎಂದಳಂತೆ. ಕಾಕಾ ಬಾಯಿ ತೆರೆಯುವುದರೊಳಗೆ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು, ಪೇಟೆಯುದ್ದಕ್ಕೂ ಕಂಡವರಿಗೆ ಹೇಳುತ್ತ ಮನೆಗೆ ತಂದಳು.

ನಾನು ನೋಡಿದೆ. ಅಣ್ಣನೇ. ಒಂದು ಕ್ಷಣ ನಾನೂ ನಂಬಿದೆ. ಆಮೇಲೆ ಗೋಡೆ ಗುರುತಾಯಿತು, ನೆಲಕ್ಕೆ ಬಿದ್ದ ಕೈ ಗುರುತಾಯಿತು. ನಾನು ಓದಿ ಹೇಳಿದ ಹಾಳೆ ಅದು. ಆ ಹಾಳೆಯಲ್ಲಿ ಅಣ್ಣ ಇರಲಿಲ್ಲ. ಅಷ್ಟರಲ್ಲಿ ಕಾಕಾ ಬರಿಗಾಲಲ್ಲಿ ಓಡಿಬಂದಿದ್ದರು.

"ಅವ್ವಾರ, ಅದು ನಿಮ್ಮ ಮಗ ಅಲ್ಲರಿ. ಆ ಕಣ್ಣು ನಾ ಬರದೇನಿ."

ಅವ್ವ ಅವರನ್ನು ನೋಡಲೂ ಇಲ್ಲ. "ನೀ ಬರದಿದ್ರ ಏನಾತು? ನೋಡಾಕತ್ತಾಂವ ನನ್ನ ಮಗ."

ಮಾಸೂರಿನವರಿಗೆ ಆ ಕೂಡಲೇ ಬೇಡವೆಂದು ಹೇಳಿ ಕಳಿಸಿದಳು. ನಾನು ಜಗಳಾಡಿದೆ. "ನಿನಗ ಅಂವ ಸತ್ತರ ಬೇಕಾಗೇತಿ" ಎಂದಳು. ಹೆತ್ತ ತಾಯಿ ಆಡುವ ಮಾತಲ್ಲ, ಆದರೆ ಆಡಿದಳು. ಅತ್ತ ಕಾಕಾ ಉಣ್ಣುವುದು ಬಿಟ್ಟು ಸೊರಗಿದರು. ಸಾವಿನ ಮನೆಯಿಂದ ಕರೆ ಬಂದರೆ ಹೋಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಕಣ್ಣು ಮಾತ್ರ ಬರೆಯಲೊಲ್ಲರು. ಜನ ಬೈದು ಹುಬ್ಬಳ್ಳಿಯವರನ್ನು ಕರೆಸತೊಡಗಿದರು. ಒಂದು ದಿನ ಶಾಲೆಯ ಕಟ್ಟೆಯ ಮೇಲೆ ಕೂತು ನನಗೆ ಹೇಳಿದರು: "ಆ ಪುಣ್ಯಾತ್ಮ ಬೆಂಕಿಯಾಗ ನಿಂತು ಇದ್ದದ್ದನ್ನ ಇದ್ದಂಗ ತಂದು ಕೊಟ್ಟ. ನಾ ಇಲ್ಲಿ ನೆಳ್ಳಾಗ ಕುಂತು ಅದನ್ನ ಕೆಡಿಸಿದೆ." ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಹೇಳಲಿಲ್ಲ.

ಹಾನಗಲ್ಲಿನವರು ಇನ್ನು ಕಾಯುವುದಿಲ್ಲ ಎಂದಾಗ ಮಾಸೂರಿನ ಮಾವ, ವೈನಿಯ ಅಪ್ಪ, ಕೊನೆಯ ಸಲ ಗಾಡಿ ಹೂಡಿಕೊಂಡು ಬಂದರು. ಕಾಕಾನನ್ನು ನಾನೇ ಕರೆಸಿದೆ. ಅವರು ಖಾರದ ಅಂಗಡಿಯ ಮೂಲ ಹಾಳೆ ತಂದಿದ್ದರು. ಅವ್ವನ ಮುಂದೆ ನೆಲದ ಮೇಲೆ ಅದನ್ನು ಹರವಿ, ಎಣ್ಣೆಯ ಕಲೆಯ ಪಕ್ಕದಲ್ಲಿ ಬೆರಳಿಟ್ಟರು.

"ನೋಡ್ರಿ ಅವ್ವಾರ, ಕಣ್ಣು ಮುಚ್ಯಾವು. ಕೈ ನೋಡ್ರಿ. ಹಿಂಗ ಬಿದ್ದ ಕೈ ನಾ ಎಷ್ಟ ಮನ್ಯಾಗ ನೋಡೇನಿ. ಇಂವ ಯಾರ ಮಗನೋ ಏನೋ, ಇಂವ ಉಳದಿಲ್ಲ. ನಿಮ್ಮ ಮಗನಂತೂ ಅಲ್ಲ. ನನ್ನ ಕೈ ತಪ್ಪಿಗೆ ಈ ಹುಡುಗೀನ್ನ ಕೊಲ್ಲಬ್ಯಾಡ್ರಿ."

ಅವ್ವ ಹಾಳೆಯನ್ನೂ ಗೋಡೆಯ ಚಿತ್ರವನ್ನೂ ಬಹಳ ಹೊತ್ತು ನೋಡಿದಳು. "ಇದರಾಗ ಮಲಗ್ಯಾನ. ಅದರಾಗ ಎದ್ದಾನ" ಎಂದಳು.

ಮಾವನವರು ರುಮಾಲು ತೆಗೆದು ಅವಳ ಕಾಲ ಹತ್ತಿರ ಇಟ್ಟರು. ಆಗ ಅವ್ವನ ಮುಖ ಒಮ್ಮೆ ಸಡಿಲಾಯಿತು. ವೈನಿಯನ್ನು ಒಳಗಿನಿಂದ ಕರೆದಳು. "ನನ್ನ ಕಣ್ಣು ಮುದಿ ಕಣ್ಣು. ಇಕಿ ಅಂವನ ಹೇಂತಿ. ನೋಡಿ ಹೇಳಲಿ. ಇಕಿ ಅಲ್ಲ ಅಂದ್ರ ನಾನೂ ಅಲ್ಲ ಅಂತೇನಿ. ತಾಳಿ ನನ್ನ ಕೈಲೆ ಇಳಸ್ತೇನಿ."

ಇಷ್ಟು ಸುಲಭವಾಗಿ ಬಾಗಿಲು ತೆರೆಯಿತೆಂದು ನನಗೆ ನಂಬಿಕೆಯಾಗಲಿಲ್ಲ. ಅಲ್ಲ ಎಂಬ ಒಂದು ಮಾತು ಸಾಕಿತ್ತು. ವೈನಿ ಚಿತ್ರದ ಮುಂದೆ ನಿಂತಳು. ಕಾಕಾ ಕೈ ಮುಗಿದುಕೊಂಡು ಅವಳನ್ನೇ ನೋಡುತ್ತಿದ್ದರು. ಆ ನೆರಳಿಗೂ ಅವರು ಹಾಗೆ ಕೈ ಮುಗಿದಿರಲಿಲ್ಲ. ಅವಳು ಚಿತ್ರ ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು.

"ನನಗ ಗುರ್ತ ಹತ್ತವಲ್ದುರಿ" ಎಂದಳು. "ಅವರ ಮಾರಿ ನಾ ನೆಟ್ಟಗ ಯಾವಾಗ ನೋಡೇನ್ರಿ ಅತ್ತೀ? ತೆಳಗ ನೋಡಕೋತನ ಇದ್ದೆ. ಇವರಿರಬಹುದು. ಅಲ್ಲ ಅಂತ ಹೆಂಗ ಹೇಳಲಿ?"

ಸುಳ್ಳು ಹೇಳು ಹುಡುಗಿ ಎಂದು ನನ್ನ ಜೀವ ಕೂಗಿತು. ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ಮಾವನವರು ರುಮಾಲು ಎತ್ತಿಕೊಂಡು ಹೊರಗೆ ಹೋಗಿ ಎತ್ತು ಹೂಡಿದರು. ಊಟಕ್ಕೂ ನಿಲ್ಲಲಿಲ್ಲ. ಗಾಡಿ ಓಣಿ ದಾಟುವತನಕ ವೈನಿ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಹಿಟ್ಟು ನಾದಿದಳು.

ಯುದ್ಧ ಮುಗಿಯಿತು. ಹಾನಗಲ್ಲಿನವನು ಬೇರೆ ಹೆಣ್ಣು ತಂದುಕೊಂಡ. ಅಣ್ಣನ ಸುದ್ದಿ ಯಾವ ಕಡೆಯಿಂದಲೂ ಬರಲಿಲ್ಲ. ಕಾಕಾ ಕ್ಯಾಮರಾ ಮಾರಿ, ಗೋಡೆಯ ಹಾಳೆಗಳನ್ನೆಲ್ಲ ಬಿಚ್ಚಿ ಗಂಟು ಕಟ್ಟಿ, ಮಗಳ ಊರಿಗೆ ಹೋಗುವುದೆಂದು ಗೊತ್ತು ಮಾಡಿದರು. ಹೊರಡುವ ಮುನ್ನ ಹೇಳಿ ಹೋಗಲೆಂದು ಒಂದು ಸಂಜೆ ನಮ್ಮ ಮನೆಗೆ ಬಂದರು. ನಾನು ಬಾಗಿಲಿಗೆ ಹೋಗಿ ಬರ್ರಿ ಎಂದೆ. ಅವರು ಹೊಸ್ತಿಲಾಚೆಯೇ ನಿಂತು ಪಡಸಾಲೆಯತ್ತ ನೋಡುತ್ತಿದ್ದರು.

ಅಲ್ಲಿ ಅವ್ವ ದಿನದಂತೆ ವೈನಿಯನ್ನು ಆ ಚಿತ್ರದ ಎದುರು ಮಣೆ ಹಾಕಿ ಕೂಡಿಸಿದ್ದಳು. ಮಗ ಬಂದ ದಿನ ಹೆಂಡತಿಗೆ ಗುರುತು ಸಿಗದೆ ಹೋಗಬಾರದೆಂದು ಇದನ್ನು ಸುರು ಮಾಡಿದ್ದಳು. ಕಂದೀಲು ಎತ್ತಿ ಹಿಡಿದು, "ಚಂದಗೆ ನೋಡ್ಕೋ ನನ್ನವ್ವಾ. ಮೀಸಿ ನೋಡ್ಕೋ. ಕಣ್ಣು ನೋಡ್ಕೋ" ಎನ್ನುತ್ತಿದ್ದಳು.

"ನೋಡೇನ್ರಿ ಅತ್ತೀ" ಎಂದಳು ವೈನಿ. "ಈಗ ನಿದ್ದ್ಯಾಗೂ ಇದ ಮಾರಿ ಬರತೈತಿ."

ಕಾಕಾ ಒಳಗೆ ಬರಲಿಲ್ಲ.